ತಾಂಡಾದ ಬಸುರಿಯರು ಚೆಕಪ್‌ಗೆ ಯಾಕೆ ಬರುತ್ತಿಲ್ಲ? ಡಾಕ್ಟರ್ ಮೇಡಂಗೆ ನಮ್ಮ ಪ್ರಶ್ನೆಗಳು

ಪ್ರಶ್ನೆ (ಅತಿಥಿ ಶಿಕ್ಷಕಿ, ಲಿಂಗಸುಗೂರು ತಾಲೂಕು):

ಮೇಡಂ, ನಮಸ್ಕಾರ. ನಾನು ಮೂರು ವರ್ಷದಿಂದ ಒಂದು ಲಂಬಾಣಿ ತಾಂಡಾದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಇಲ್ಲಿಂದ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಏಳು ಕಿಲೋಮೀಟರ್. ಬಸುರಿಯರು ಒಂದು ಸಲ ಹೋದರೆ ಮತ್ತೆ ಹೋಗುವುದಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ. ಹೋದ ತಿಂಗಳು ನನ್ನ ಮೂರನೇ ಕ್ಲಾಸಿನ ಹುಡುಗಿಯ ತಾಯಿಗೆ ಹೆರಿಗೆಯಲ್ಲಿ ಬಹಳ ರಕ್ತ ಹೋಯಿತು. ರಾತ್ರೋರಾತ್ರಿ ರಾಯಚೂರಿಗೆ ಒಯ್ದರು. ಜೀವ ಉಳಿಯಿತು. ಮೊದಲೇ ಅವರ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಕಡಿಮೆ ಇತ್ತಂತೆ. ವಿಚಾರಿಸಿದರೆ "ಆ ಜನಕ್ಕೆ ತಿಳುವಳಿಕೆ ಇಲ್ಲ" ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಒಬ್ಬ ಟೀಚರ್ ಆಗಿ ನಾನೇನು ಮಾಡಬಹುದು?

ಉತ್ತರ (ಪಿಎಚ್‌ಸಿ ವೈದ್ಯಾಧಿಕಾರಿ, ರಾಯಚೂರು ಜಿಲ್ಲೆ):

ಟೀಚರ್, ನಿಮಗೆ ಅನಿಸಿದ್ದೇ ಸರಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹಾಗೆ ಮಾತಾಡಿದವಳೇ. ಏಳು ತಿಂಗಳ ಒಬ್ಬ ಬಸುರಿಯನ್ನು "ಇಷ್ಟು ದಿನ ಎಲ್ಲಿ ಹೋಗಿದ್ದೆ?" ಅಂತ ಎಲ್ಲರ ಮುಂದೆ ಗದರಿದ್ದೆ. ಆಕೆ ಮತ್ತೆ ಬರಲಿಲ್ಲ. ಆಮೇಲೆ ನಮ್ಮ ಸಿಸ್ಟರ್ ಅವರ ಮನೆಗೆ ಹೋಗಿ ವಿಷಯ ತಿಳಿದುಕೊಂಡು ಬಂದರು. ಹತ್ತಿ ಬಿಡಿಸುವ ಕಾಲ. ಆಸ್ಪತ್ರೆಗೆ ಬಂದರೆ ಆಕೆಯ ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಬಂದ ಅತ್ತೆಯ ಕೂಲಿಯೂ ಹೋಗುತ್ತದೆ. ಟಂಟಂ ಬಾಡಿಗೆ ಬೇರೆ. ಇಷ್ಟೆಲ್ಲ ಕಳೆದುಕೊಂಡು ಬಂದವಳಿಗೆ ನಾನು ಕೊಟ್ಟದ್ದು ಬೈಗುಳ.

ಅದಕ್ಕೇ ನನ್ನ ಮೊದಲ ಮಾತು: "ಯಾಕೆ ಬರಲಿಲ್ಲ" ಅಂತ ಕೇಳುವ ಮೊದಲು, ಬಂದರೆ ಅವರಿಗೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿ. ಚಿಕಿತ್ಸೆ ಉಚಿತ, ನಿಜ. ಅಲ್ಲಿಗೆ ಹೋಗುವುದು ಉಚಿತವಲ್ಲ, ಅಲ್ವಾ? 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ. ಆದರೆ ಬಸ್ಸೇ ಬಾರದ ತಾಂಡಾಕ್ಕೆ ಅದರಿಂದ ಏನು ಬಂತು?

ಇನ್ನೊಂದು ತೊಡಕು ನಿಯಮದಲ್ಲೇ ಇದೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, 5,000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಇದು ತಲೆ ಎಣಿಸುವ ಲೆಕ್ಕ. ಮುನ್ನೂರು ಜನರ ತಾಂಡಾ ಪಕ್ಕದ ದೊಡ್ಡ ಊರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಉಪಕೇಂದ್ರ, ಅಂಗನವಾಡಿ, ಆಶಾ ಎಲ್ಲವೂ ಆ ಊರಿನಲ್ಲೇ ಇರುತ್ತವೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರಿಂದ ಇದೆ, ಮೊಟ್ಟೆಯೂ ಕೊಡುತ್ತಾರೆ. ಆದರೆ ಅಂಗನವಾಡಿ ಎರಡು ಕಿಲೋಮೀಟರ್ ದೂರ ಇದ್ದರೆ ತುಂಬು ಬಸುರಿ ದಿನಾ ಬಿಸಿಲಲ್ಲಿ ಊಟಕ್ಕೆ ನಡೆಯುತ್ತಾಳಾ?

ಈಗ ಮಾತ್ರೆಯ ವಿಷಯ. ಸುಮ್ನೆ ಟ್ರಂಕಿನಲ್ಲಿ ಇಡುವುದಿಲ್ಲ ಯಾರೂ. ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ. ಹೆದರಿ ಬಿಡುತ್ತಾರೆ. ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ. ವಾಕರಿಕೆ ಇದ್ದವರು ರಾತ್ರಿ ಊಟ ಆದ ಮೇಲೆ ನುಂಗಲಿ. ಚಹಾದ ಜೊತೆ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸುಣ್ಣದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಲಿಂಬೆಹಣ್ಣು ಹಿಂಡಿದ ನೀರು ಒಳ್ಳೆಯದು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಬಸುರಿಗೆ ಎಚ್‌ಬಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆಗ ದಿನಕ್ಕೆ ಎಷ್ಟು ಮಾತ್ರೆ ಅಂತ ಸಿಸ್ಟರ್ ಹೇಳುತ್ತಾರೆ. ಇದು ತಾಂಡಾದ ಸಮಸ್ಯೆ ಮಾತ್ರ ಅಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ.

ನೀವು ಮಾಡಬಹುದಾದದ್ದು ಇದು. ತಾಂಡಾದ ನಾಯಕ, ಅವರಿಗೆ ನೆರವಾಗುವ ಕಾರಭಾರಿ ಇಬ್ಬರ ಹತ್ತಿರವೂ ಮಾತಾಡಿ. ಅವರ ಮನೆಯ ಹಿರಿಯ ಹೆಂಗಸರ ಹತ್ತಿರ ತಪ್ಪದೆ ಮಾತಾಡಿ, ಸೊಸೆಯನ್ನು ಕಳಿಸುವವರು ಅವರೇ. ಆಮೇಲೆ ಸಿಸ್ಟರ್ ಹತ್ತಿರ ಒಂದೇ ಒಂದು ಬೇಡಿಕೆ ಇಡಿ: ತಿಂಗಳಿಗೊಮ್ಮೆ ತಾಂಡಾದಲ್ಲೇ ಚೆಕಪ್, ಕೂಲಿಗೆ ಹೋಗುವ ಮುಂಚೆ. ಹನ್ನೊಂದು ಗಂಟೆಗೆ ಇಟ್ಟರೆ ತಾಂಡಾದಲ್ಲಿ ಇರುವವರು ಮುದುಕರು ಮತ್ತು ಮಕ್ಕಳು ಮಾತ್ರ.

ಪ್ರತಿಕ್ರಿಯೆ (ಆಶಾ ಕಾರ್ಯಕರ್ತೆ, ದೇವದುರ್ಗ ತಾಲೂಕು):

ಮೇಡಂ, ನನಗೂ ಎರಡು ತಾಂಡಾ ಕೊಟ್ಟಿದ್ದಾರೆ. ನಡೆದೇ ಹೋಗಬೇಕು. ನನಗೆ ಅವರ ಭಾಷೆ ಬರುವುದಿಲ್ಲ. ದೀಪಾವಳಿ ಆದ ಮೇಲೆ ಹೋದರೆ ಮನೆಗಳಿಗೆ ಬೀಗ. ಎಲ್ಲರೂ ಗುಳೆ ಹೋಗಿರುತ್ತಾರೆ. ರಿಜಿಸ್ಟರಿನಲ್ಲಿ ಬಿಟ್ಟುಹೋದವರು ಅಂತ ಬರೆಯಬೇಕಾಗುತ್ತದೆ.

ಉತ್ತರ:

ಅಕ್ಕಾ, ನಿಮ್ಮ ಕಷ್ಟ ನನಗೆ ಗೊತ್ತು. ಭಾಷೆಗೆ ತಾಂಡಾದ ಹತ್ತನೇ ಕ್ಲಾಸ್ ಓದಿದ ಒಬ್ಬ ಹುಡುಗಿಯನ್ನು ಜೊತೆಗೆ ಕರೆದುಕೊಳ್ಳಿ. ಮುಂದೆ ಆಕೆ ನರ್ಸಿಂಗ್ ಓದುವ ಹಾಗಾದರೆ ಇನ್ನೂ ಒಳ್ಳೆಯದು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸೀಟು, ನೌಕರಿ ಎರಡರಲ್ಲೂ ಮೀಸಲಾತಿ ಇದೆ. ನಮ್ಮ ಪಿಎಚ್‌ಸಿಗೆ ತಾಂಡಾದವರೇ ಒಬ್ಬ ಸಿಸ್ಟರ್ ಬಂದರು. ಬಂದವರನ್ನು "ಯಾಡಿ" (ಅವ್ವ) ಅಂತ ಅವರ ಮಾತಿನಲ್ಲೇ ಕರೆದು ಕೂರಿಸುತ್ತಾರೆ. ನನ್ನ ಹತ್ತಿರ ಬಾಯಿ ಬಿಡದ ಹೆಂಗಸರು ಅವರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ.

ಗುಳೆ ಹೋಗುವವರ ಪಟ್ಟಿಯನ್ನು ದಸರೆಗೆ ಮುಂಚೆಯೇ ಮಾಡಿ. ಯಾರು ಬಸುರಿ, ಯಾವ ತಿಂಗಳು, ಕಬ್ಬು ಕಡಿಯಲಿಕ್ಕಾ ಕಟ್ಟಡದ ಕೆಲಸಕ್ಕಾ, ಯಾವ ಊರು, ಮೇಸ್ತ್ರಿಯ ಫೋನ್ ನಂಬರ್. ಚೆಕಪ್, ಲಸಿಕೆ ಬರೆದಿಡುವ ತಾಯಿ ಕಾರ್ಡ್ ಕೈಗೆ ಕೊಟ್ಟು, ಎರಡು ಮೂರು ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಕಳಿಸಿ. ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಚೆಕಪ್, ಮಗುವಿನ ಲಸಿಕೆ ಸಿಗುತ್ತದೆ, "ನಿಮ್ಮೂರಿಗೆ ಹೋಗಿ" ಅಂತ ಕಳಿಸುವಂತಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಯಾರಾದರೂ ದುಡ್ಡು ಕೇಳಿದರೆ 104ಕ್ಕೆ ಫೋನ್ ಮಾಡಲು ಹೇಳಿ.

ಪ್ರಶ್ನೆ (ಗೃಹಿಣಿ, ಗಂಗಾವತಿ):

ಮೇಡಂ, ನಾವು ಮುಸ್ಲಿಮರು. ನನ್ನ ನಾದಿನಿ ಐದು ತಿಂಗಳ ಬಸುರಿ. ನಮ್ಮ ಊರ ಆಸ್ಪತ್ರೆಯಲ್ಲಿ ಗಂಡು ಡಾಕ್ಟರ್ ಒಬ್ಬರೇ. ಅವಳಿಗೆ ಕನ್ನಡ ಅಷ್ಟು ಬರುವುದಿಲ್ಲ, ನಾಚಿಕೆಯೂ ಜಾಸ್ತಿ. ಅತ್ತೆಯವರಿಗೆ ಇಂಜೆಕ್ಷನ್ ಕೊಟ್ಟರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವ ಹೆದರಿಕೆ. ಏನು ಮಾಡಲಿ?

ಉತ್ತರ:

ತಂಗೀ, ನಾಚಿಕೆ ತಪ್ಪಲ್ಲ. ಗಂಡು ಡಾಕ್ಟರ್ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು, ಅದು ರೋಗಿಯ ಹಕ್ಕು. ನೀವೇ ಒಳಗೆ ಹೋಗಿ ನಿಲ್ಲಿ. ಬಿಪಿ, ತೂಕ, ಎಚ್‌ಬಿ ಇವನ್ನೆಲ್ಲ ಸಿಸ್ಟರೇ ನೋಡುತ್ತಾರೆ. ಇನ್ನೊಂದು ದಾರಿಯೂ ಇದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇರುತ್ತಾರಾ ಅಂತ ಆಶಾ ಹತ್ತಿರ ಮೊದಲೇ ಕೇಳಿಕೊಂಡು ಆವತ್ತು ಕರೆದುಕೊಂಡು ಹೋಗಿ.

ಅತ್ತೆಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ. 1975-77ರ ತುರ್ತು ಪರಿಸ್ಥಿತಿಯಲ್ಲಿ ದೇಶದಲ್ಲಿ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಿಸಿದ್ದು ನಿಜ. ಅಂಥ ಭಯ ಮನೆಯಿಂದ ಮನೆಗೆ ಇಳಿದು ಬರುತ್ತದೆ. ಆ ಇಂಜೆಕ್ಷನ್ ಧನುರ್ವಾಯು ಮತ್ತು ಗಂಟಲಮಾರಿ ಬಾರದಂತೆ ಕೊಡುವುದು. ಮಕ್ಕಳಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ತೆಗೆದುಕೊಂಡ ಮೇಲೂ ಎರಡು ಮೂರು ಹೆತ್ತವರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಮನೆಗೆ ಚಹಾಕ್ಕೆ ಕರೆಯಿರಿ. ನನ್ನ ಮಾತಿಗಿಂತ ಅವರು ಉರ್ದುವಿನಲ್ಲಿ ಹೇಳುವ ಮಾತು ಅತ್ತೆಯವರ ಮನಸ್ಸಿಗೆ ಹತ್ತುತ್ತದೆ.

ಪ್ರತಿಕ್ರಿಯೆ (ಅತಿಥಿ ಶಿಕ್ಷಕಿ, ಎರಡು ವಾರದ ನಂತರ):

ಮೇಡಂ, ನಾಯಕರ ಹೆಂಡತಿಯೇ ಮುಂದೆ ನಿಂತರು. ಸೇವಾಲಾಲ್ ಗುಡಿಯ ಕಟ್ಟೆ ಮೇಲೆ ಎಲ್ಲರನ್ನೂ ಕೂರಿಸಿ ಮಾತಾಡಿಸಿದೆವು. ಮಲ ಕಪ್ಪಾಗುವ ವಿಷಯ ಹೇಳಿದಾಗ ನಾಲ್ಕು ಜನ ಒಟ್ಟಿಗೆ "ಹೌದು, ಅದಕ್ಕೇ ಬಿಟ್ಟೆವು" ಅಂದರು. ಸಿಸ್ಟರ್ ಈ ಗುರುವಾರ ಬೆಳಿಗ್ಗೆ ಏಳಕ್ಕೇ ಬರಲು ಒಪ್ಪಿದ್ದಾರೆ. ಶಾಲೆಯ ಒಂದು ಕೋಣೆ ತೆಗೆದುಕೊಡುತ್ತೇನೆ. ಇನ್ನೇನು ನೋಡಿಕೊಳ್ಳಬೇಕು?

ಉತ್ತರ:

ಬಹಳ ಸಂತೋಷ ಆಯಿತು ಟೀಚರ್. ಎಚ್‌ಬಿ ನೋಡುವ ಯಂತ್ರ, ಬಿಪಿ ಯಂತ್ರ ಮರೆಯದೆ ತರಲು ಸಿಸ್ಟರ್‌ಗೆ ಇವತ್ತೇ ಹೇಳಿ. ಕಿಟಕಿಗೆ ಒಂದು ಸೀರೆ ಕಟ್ಟಿ, ಹೊಟ್ಟೆ ನೋಡಲು ಮರೆ ಬೇಕು. ಯಾರದ್ದಾದರೂ ಎಚ್‌ಬಿ 7ಕ್ಕಿಂತ ಕಡಿಮೆ ಬಂದರೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಾರದು. ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ವಾಹನ ಯಾವುದು, ಜೊತೆಗೆ ಯಾರು, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಬುಧವಾರ ರಾತ್ರಿಯೇ ಮಾತಾಡಿ ಇಟ್ಟುಕೊಳ್ಳಿ.