ಅಪ್‌ಡೇಟ್: ರ‍್ಯಾಬಿಟ್‌ಎಂಕ್ಯೂ ಕೊನೆಗೂ ಎದ್ದಿತು

ಬದಿಯಡ್ಕದ ನಮ್ಮ ಅಡಿಕೆ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ರ‍್ಯಾಬಿಟ್‌ಎಂಕ್ಯೂ (ಬಿಲ್‌ನಂಥ ಸಂದೇಶಗಳನ್ನು ಕ್ಯೂನಲ್ಲಿ, ಅಂದರೆ ಸಾಲಿನಲ್ಲಿ, ನಿಲ್ಲಿಸಿ ಮುಂದೆ ಕಳಿಸುವ ಸಾಫ್ಟ್‌ವೇರ್) ಸ್ಟಾರ್ಟೇ ಆಗುವುದಿಲ್ಲ ಅಂತ ಮೊನ್ನೆ ಕೇಳಿದ್ದೆನಲ್ಲ, ಸರಿಯಾಯಿತು. ನೀವು ಹೇಳಿದ್ದೇ ನಿಜ, ತಕರಾರು ಎರ್ಲಾಂಗ್‌ನದ್ದು, ಅಂದರೆ ರ‍್ಯಾಬಿಟ್ ಓಡಲು ಬೇಕಾದ ಪ್ರೋಗ್ರಾಮಿಂಗ್ ಭಾಷೆಯದ್ದು. ಕಂಪ್ಯೂಟರಿನಲ್ಲಿದ್ದ ಎರ್ಲಾಂಗ್ ಹಳತು, ನಾನು ಹಾಕಿದ ರ‍್ಯಾಬಿಟ್ ಹೊಸತು, ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ. ಎರಡನ್ನೂ ತೆಗೆದು, ರ‍್ಯಾಬಿಟ್‌ನವರದೇ ರೆಪೊದಿಂದ (ಸಾಫ್ಟ್‌ವೇರ್ ಇಳಿಸಿಕೊಳ್ಳುವ ಜಾಗ) ಮೊದಲು ಎರ್ಲಾಂಗ್, ಆಮೇಲೆ ಸರ್ವರ್ ಹಾಕಿದೆ. ನಡುವೆ ಕರೆಂಟ್ ಹೋಯಿತು, ಮಳೆಗಾಲ ಅಲ್ವಾ, ಪುನಃ ಮೊದಲಿಂದ.

ಮತ್ತೆ ಇನ್ನೊಂದು ತಲೆನೋವು: ಮ್ಯಾನೇಜ್‌ಮೆಂಟ್ ಪ್ಲಗಿನ್ (ರ‍್ಯಾಬಿಟ್ ಅನ್ನು ಬ್ರೌಸರಿನಿಂದ ನೋಡಿಕೊಳ್ಳುವ ಪುಟ ಕೊಡುವ ಭಾಗ) ಆನ್ ಮಾಡಿದೆ, ಲ್ಯಾಪ್‌ಟಾಪಿನಲ್ಲಿ ಅದರ 15672 ಪೋರ್ಟಿನ ಪುಟ ತೆರೆಯಿತು, ಆದರೆ ಮೊದಲೇ ಇರುವ ಯೂಸರ್ ಹೆಸರು ಗೆಸ್ಟ್ ಅಂತ ಕೊಟ್ಟರೆ ಒಳಗೇ ಬಿಡುವುದಿಲ್ಲ. ಗೆಸ್ಟ್‌ಗೆ ಸರ್ವರ್ ಇರುವ ಮೆಷಿನ್‌ನಿಂದ ಮಾತ್ರ ಪ್ರವೇಶವಂತೆ! ಸುಮ್ನೆ ಒಂದು ಗಂಟೆ ಪಾಸ್‌ವರ್ಡ್ ಕುಟ್ಟಿದೆ. ಹೊಸ ಯೂಸರ್ ಮಾಡಿ, ಅಡ್ಮಿನಿಸ್ಟ್ರೇಟರ್ ಟ್ಯಾಗೂ ಪರ್ಮಿಷನ್ನೂ ಕೊಟ್ಟೆ. ನಿನ್ನೆ ಸಂಜೆ 40 ಬಿಲ್ ಕ್ಯೂನಲ್ಲಿ ನಿಂತು ಒಂದೊಂದಾಗಿ ಪ್ರಿಂಟ್ ಆದವು.