ಕ್ಯಾಲೆಂಡರ್ ಗಾದೆಗಳ ಬಗ್ಗೆ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ

ಅಕ್ಕಾ, ಹೊಸ ವರ್ಷದ ಮನೆ ಕ್ಯಾಲೆಂಡರಿಗೆ ತಿಂಗಳಿಗೊಂದರ ಹಾಗೆ ಹನ್ನೆರಡು ಗಾದೆ ಬೇಕು, ಮನುಷ್ಯರ ಸ್ವಭಾವ, ಕೆಲಸ, ದಿನದ ಬದುಕು ಇವುಗಳ ಮೇಲೆ ಇರಲಿ, ಓದಿದ ತಕ್ಷಣ ನಗು ಬರಲಿ ಅಂತ ಕೇಳಿದ್ದಿರಿ. ಬೆಳಗ್ಗೆಯಿಂದ ಗ್ರೂಪಿನಲ್ಲಿ ರಾಶಿ ರಾಶಿ ಬಂದು ಬಿದ್ದಿವೆ. ಅದರಲ್ಲಿ ಒಳ್ಳೆಯವು ತುಂಬಾ ಇವೆ. ಆದರೆ ಬಹಳಷ್ಟಕ್ಕೆ ಕೆಳಗೆ ಬರೆದಿರೋ ಅರ್ಥ ಸರಿಯಿಲ್ಲ, ಕೆಲವಕ್ಕೆ ಪದ ಬದಲಾಗಿದೆ, ಎರಡು ಮೂರು ಗಾದೆಗಳೇ ಅಲ್ಲ. ಅಚ್ಚಿಗೆ ಕೊಡೋಕೆ ಮುಂಚೆ ಇದನ್ನ ಒಂದು ಸಲ ಕೇಳಿಬಿಡಿ.

ನಾನು ಹೇಳಬೇಕಾಗಿರೋದು ಮುಖ್ಯವಾಗಿ ಇಷ್ಟೇ. ಗಾದೆಗೆ ಅರ್ಥ ಹುಡುಕೋಕೆ ಮುಂಚೆ ಅದರೊಳಗಿನ ಚಿತ್ರ ನೋಡಿ. ಯಾರು ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ, ಯಾವ ಕಾಲ, ಏನು ಕೆಲಸ ನಡೀತಾ ಇದೆ. ಅದು ಕಣ್ಣಿಗೆ ಕಂಡ್ರೆ ನಗುವೂ ಬರುತ್ತೆ, ಅರ್ಥವೂ ತಾನಾಗೇ ಬರುತ್ತೆ. ಕಾಣದೇ ಇದ್ರೆ ಶಾಲೆಯ ಗಾದೆ ವಿಸ್ತರಣೆ ಥರ ನೀತಿ ಮಾತ್ರ ಉಳಿಯುತ್ತೆ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ. ಇದನ್ನ ಎಲ್ಲರೂ ಹೇಳ್ತಾರೆ. ಹೆಗಲೇ ಯಾಕೆ? ಜೇಬು ಯಾಕಲ್ಲ, ಕೈ ಯಾಕಲ್ಲ? ಇಲ್ಲಿ ಕುಂಬಳಕಾಯಿ ಅಂದ್ರೆ ಬೂದುಗುಂಬಳ. ಬಲಿತ ಬೂದುಗುಂಬಳದ ಮೈ ಮೇಲೆ ಬಿಳೀ ಪುಡಿ ಇರುತ್ತೆ, ಮುಟ್ಟಿದ್ರೆ ಸುಣ್ಣ ಹಚ್ಚಿದ ಹಾಗೆ ಕೈಗೆ ಅಂಟುತ್ತೆ. ಭಾರದ ಕಾಯಿ, ರಾತ್ರೋರಾತ್ರಿ ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದಾನೆ. ಬೆಳಗ್ಗೆ ಜನ ಸೇರಿದಾಗ ಯಾರೋ ಸುಮ್ಮನೆ ಕುಂಬಳಕಾಯಿ ಕಳ್ಳ ಅಂದ್ರು, ಯಾರ ಹೆಸರೂ ಹೇಳಲಿಲ್ಲ. ಇವನ ಕೈ ತಾನಾಗೇ ಹೆಗಲಿಗೆ ಹೋಯ್ತು, ಪುಡಿ ಉಳಿದಿದೆಯೇನೋ ಅಂತ. ಬಾಯಿ ಬಿಡದೇ ಕೈ ಒಪ್ಪಿಕೊಂಡುಬಿಡ್ತು. ಅಳುಕಿನ ಬಗ್ಗೆ ಇಷ್ಟು ಚೆನ್ನಾಗಿ ಹೇಳಿರೋ ಇನ್ನೊಂದು ಮಾತು ಸಿಗೋದು ಕಷ್ಟ. ಈಗ ಕ್ಯಾಲೆಂಡರಿಗೆ ಕಳಿಸಿರೋ ಚಿತ್ರ ನೋಡಿ, ಕಿತ್ತಳೆ ಬಣ್ಣದ ಸಿಹಿಗುಂಬಳ ಇದೆ. ಅದರ ಮೇಲೆ ಪುಡಿ ಎಲ್ಲಿದೆ? ದಯವಿಟ್ಟು ಬೂದುಗುಂಬಳದ ಚಿತ್ರ ಹಾಕಿಸಿ. ಅದನ್ನ ಆಯುಧಪೂಜೆ ಬರೋ ತಿಂಗಳಿಗೆ ಇಟ್ಟರಂತೂ ಕಾಯಿ ಎಲ್ಲರ ಮನೆ ಮುಂದೇ ಇರುತ್ತೆ.

ಎರಡನೆಯದು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೆಳಗೆ ಒಗ್ಗಟ್ಟಿಲ್ಲದಿದ್ದರೆ ಕೆಲಸ ಕೆಡುತ್ತದೆ ಅಂತ ಅರ್ಥ ಬರೆದಿದ್ದಾರೆ. ಅದು ಪೂರ್ತಿ ತಪ್ಪಲ್ಲ, ಆದ್ರೆ ಅರ್ಧ ಮಾತ್ರ. ಕೋಣ ಸೋಮಾರಿತನಕ್ಕೆ ನೀರಿಗೆ ಎಳೆಯೋದಲ್ಲ. ಎಮ್ಮೆ ಕೋಣಗಳಿಗೆ ಕಪ್ಪು ಚರ್ಮ, ಬೆವರು ಗ್ರಂಥಿ ಕಡಿಮೆ, ಬಿಸಿಲೇರಿದ್ರೆ ಮೈ ತಂಪು ಮಾಡ್ಕೊಳ್ಳೋಕೆ ನೀರಿಗೋ ಕೆಸರಿಗೋ ಇಳೀಲೇಬೇಕು. ನಮ್ಮ ನಾಟಿ ಎತ್ತು ಬಿಸಿಲು ತಡೆಯುತ್ತೆ, ಮೇಲಿನ ಏರಿ ಕಡೆ ನಡೆಯುತ್ತೆ. ಎರಡೂ ಅವುಗಳ ಸ್ವಭಾವಕ್ಕೆ ತಕ್ಕ ಹಾಗೇ ನಡೆದುಕೊಂಡಿವೆ. ತಪ್ಪು ಯಾರದ್ದು? ಆ ಎರಡನ್ನೂ ಒಂದೇ ನೊಗಕ್ಕೆ ಹೂಡಿದವನದ್ದು. ಗಾದೆಯಲ್ಲಿ ಅವನ ಹೆಸರೇ ಬರೋದಿಲ್ಲ, ಅದೇ ಅದರ ಜಾಣತನ. ಆಫೀಸಿನಲ್ಲಿ ಇಬ್ಬರಿಗೆ ಹೊಂದಾಣಿಕೆ ಇಲ್ಲ ಅಂತ ಇಬ್ಬರನ್ನೂ ಬೈಯೋ ಮುಂಚೆ ಕೆಲಸ ಹಂಚಿದ್ದು ಹೇಗೆ ಅಂತ ಕೇಳಬೇಕು ಅನ್ನೋದು ಅದರೊಳಗಿದೆ. ಇದನ್ನ ಏಪ್ರಿಲ್ಲಿಗೆ ಇಡಿ, ಬಿಸಿಲ ಕಾಲಕ್ಕೆ ಸರಿಹೋಗುತ್ತೆ.

ಗಾಳಿ ಬಂದಾಗ ತೂರಿಕೋ. ಇದಕ್ಕೆ ಆಗಿರೋಷ್ಟು ಅನ್ಯಾಯ ಯಾವುದಕ್ಕೂ ಆಗಿಲ್ಲ. ಗಾಳಿ ಬಂದ ಕಡೆ ವಾಲು, ಸಮಯಸಾಧಕನಾಗು ಅನ್ನೋ ಹಾಗೆ ಬಳಸ್ತಾರೆ. ತೂರೋದು ಅಂದ್ರೆ ಕಣದ ಕೆಲಸ, ಕಣ ಅಂದ್ರೆ ತೆನೆಯಿಂದ ಕಾಳು ಬಿಡಿಸೋ ಅಂಗಳ. ತೆನೆ ಬಡಿದು, ಇಲ್ಲಾ ತೆನೆ ಮೇಲೆ ಉರುಳಿಸೋ ರೋಣಗಲ್ಲು ಹೊಡೆದು ಕಾಳು ಬಿಡಿಸಿದ ಮೇಲೆ ಕಾಳು, ಜೊಳ್ಳು, ಹೊಟ್ಟು, ಧೂಳು ಎಲ್ಲಾ ಒಂದೇ ರಾಶಿ. ಅದನ್ನ ಮೊರಕ್ಕೆ ತುಂಬಿಕೊಂಡು, ತಲೆ ಎತ್ತರಕ್ಕೆ ಎತ್ತಿ, ಗಾಳಿ ಪಕ್ಕದಿಂದ ಬೀಸೋ ಹಾಗೆ ನಿಂತು, ಸಣ್ಣ ಧಾರೆಯಾಗಿ ಸುರೀತಾ ಹೋಗಬೇಕು. ತೂಕದ ಕಾಳು ನೇರ ಕೆಳಗೆ ಬೀಳುತ್ತೆ, ಜೊಳ್ಳು ಒಂದೆರಡು ಮಾರು ಆಚೆ, ಹೊಟ್ಟು ಇನ್ನೂ ದೂರ. ಗಾಳಿ ನಿಂತರೆ ಮೊರ ಕೆಳಗಿಟ್ಟು ಕಾಯಬೇಕು, ಬೇರೆ ದಾರಿ ಇಲ್ಲ. ಗಾಳಿ ಅತಿ ಜೋರಾದ್ರೆ ಒಳ್ಳೇ ಕಾಳೂ ಹೊಟ್ಟಿನ ಜೊತೆ ಹೋಗುತ್ತೆ, ಆಗಲೂ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಗಾಳಿ ಬರೋ ಹೊತ್ತಿಗೆ ಒಕ್ಕಣೆ ಮುಗಿದಿರಬೇಕು. ತೆನೆ ಇನ್ನೂ ಮೆದೆಯಲ್ಲೇ ಇದ್ರೆ ಎಂಥ ಗಾಳಿ ಬಂದರೂ ಪ್ರಯೋಜನ ಇಲ್ಲ. ಹಾಗಾಗಿ ಇದು ಸಿದ್ಧವಾಗಿ ಕಾದವನಿಗೆ ಹೇಳಿದ ಮಾತು. ಸುಗ್ಗಿ ಕಾಲ, ಜನವರಿಗೆ ಇದಕ್ಕಿಂತ ಒಳ್ಳೇದು ಬೇಡ.

ಕೈ ಕೆಸರಾದರೆ ಬಾಯಿ ಮೊಸರು ಅನ್ನೋದರ ಚಿತ್ರ ಎಲ್ಲರಿಗೂ ಗೊತ್ತು, ಒಂದು ಮಾತ್ರ ಗಮನಿಸಿ. ಕೆಸರಿಗೆ ಕೈ ಹಾಕೋದು ನಾಟಿ ದಿನ, ಅನ್ನ ಮೊಸರು ಬಾಯಿಗೆ ಬರೋದು ಕೊಯ್ಲಾದ ಮೇಲೆ. ನಡುವೆ ನಾಲ್ಕೈದು ತಿಂಗಳು. ಕೆಸರಾದರೆ ಅನ್ನೋ ಆ 'ರೆ' ಒಳಗೆ ಅಷ್ಟೂ ತಿಂಗಳು ಅಡಗಿದೆ. ಇವತ್ತು ಓದಿದೆ ನಾಳೆ ಮಾರ್ಕ್ಸ್ ಬರ್ಲಿಲ್ಲ ಅನ್ನೋ ಮಕ್ಕಳಿಗೆ ಇದನ್ನ ಹೇಳಿ. ಜುಲೈಗೆ ಹಾಕಿ.

ಈಗ ಪದಗಳ ವಿಷಯ. ಗ್ರೂಪಿನಲ್ಲಿ ಒಬ್ಬರು ಕುಂಬಾರನಿಗೆ ವರ್ಷ ಕೋಲಿಗೆ ಕ್ಷಣ ಅಂತ ಹಾಕಿದ್ದಾರೆ. ಸರಿಯಾದದ್ದು ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವ, ರು, ಷ ಮೂರು ಅಕ್ಷರ, ನಿ, ಮಿ, ಷ ಮೂರು ಅಕ್ಷರ. ಎರಡೂ ಒಂದೇ ಸಮ ಹೆಜ್ಜೆ ಹಾಕ್ತವೆ, ಕೊನೆಗೆ ಒಂದೇ ಅಕ್ಷರಕ್ಕೆ ಬಂದು ನಿಲ್ತವೆ. ವರ್ಷ ಅಂತ ಒತ್ತಕ್ಷರ ಹಾಕಿದ್ರೆ ಒಂದು ಹೆಜ್ಜೆ ಹೋಯ್ತು, ಕ್ಷಣ ಅಂದ್ರೆ ಪ್ರಾಸವೇ ಹೋಯ್ತು. ಡಿಟಿಪಿ ಮಾಡೋರು ವರುಷವನ್ನ ತಪ್ಪು ಅಂದ್ಕೊಂಡು ವರ್ಷ ಮಾಡಿಬಿಡ್ತಾರೆ, ಪ್ರೂಫಿನಲ್ಲಿ ಅಲ್ಲಿ ಕಣ್ಣಿಟ್ಟಿರಿ. ಅಂದ ಹಾಗೆ ಈ ಗಾದೆಯಲ್ಲಿ ಇನ್ನೊಂದು ಸೊಗಸಿದೆ. ಕುಂಬಾರನ ಕೈಯಲ್ಲೂ ಒಂದು ಮರದ ತುಂಡು ಇರುತ್ತೆ. ಚಕ್ರದಿಂದ ಇಳಿಸಿದ ಹಸಿ ಮಡಕೆಯ ಒಳಗೆ ಕಲ್ಲೊಂದನ್ನ ಆತು ಹಿಡಿದು, ಹೊರಗಿನಿಂದ ಆ ಮರದಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸ್ತಾನೆ. ಒಳಗೆ ಆಸರೆ ಇಟ್ಟು ತಟ್ಟಿದ್ರೆ ಮಡಕೆ ಆಗುತ್ತೆ, ಆಸರೆ ಇಲ್ಲದೆ ಹೊಡೆದ್ರೆ ಚೂರಾಗುತ್ತೆ. ಮಕ್ಕಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತಪ್ಪು ತಿದ್ದೋರು ಇದನ್ನ ಮನಸ್ಸಿನಲ್ಲಿಟ್ಕೋಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಇದೇ ರೀತಿ ಕೆಸರು ಮೊಸರು, ಏರಿಗೆ ನೀರಿಗೆ, ತಾಳಿದವನು ಬಾಳಿಯಾನು, ಹುಟ್ಟುಗುಣ ಸುಟ್ಟರೂ ಹೋಗದು, ಎಲ್ಲದರಲ್ಲೂ ಜೋಡಿ ಪದ ಇದೆ. ಆ ಜೋಡಿಯನ್ನ ಮುಟ್ಟಬೇಡಿ. ದೂರದ ಬೆಟ್ಟ ನುಣ್ಣಗೆ ಅನ್ನೋದಕ್ಕೆ ಕಾಣುತ್ತದೆ ಅಂತ ಬಾಲ ಸೇರಿಸಿದ್ದಾರೆ, ತೆಗೀರಿ. ಮೂರೇ ಪದ, ಕ್ರಿಯಾಪದ ಇಲ್ಲ, ಅದರ ಚೂಪು ಇರೋದೇ ಅಲ್ಲಿ. ಜೋಡಿ ಇಲ್ಲದ ಕಡೆ ಪದ ಬದಲಿಸಿದ್ರೆ ನಷ್ಟ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನೋದನ್ನ ಕುಣಿಯಲಾರದವರು ನೆಲ ಡೊಂಕು ಅಂದರು ಅಂತ ಮಾಡಿ. ನೆಪ ಹೇಳೋದು ಹೆಣ್ಣುಮಕ್ಕಳ ಗುಣ ಅಲ್ಲ, ಎಲ್ಲರದ್ದೂ. ಒಲಿದರೆ ನಾರಿ ಮುನಿದರೆ ಮಾರಿ ಅನ್ನೋದನ್ನ ಮಾತ್ರ ತಿದ್ದೋಕಾಗಲ್ಲ, ಪ್ರಾಸವೇ ಅದರ ಮೇಲೆ ನಿಂತಿದೆ. ಅದನ್ನ ಬಿಟ್ಟೇಬಿಡಿ. ಜಾತಿ ಹಿಡಿದು, ಕುಂಟು ಕುರುಡು ಹಿಡಿದು ಆಡೋ ಗಾದೆಗಳೂ ಬಂದಿವೆ. ವರ್ಷವಿಡೀ ಗೋಡೆ ಮೇಲೆ ಇರೋ ಕಾಗದದಲ್ಲಿ ಅವು ಬೇಡ.

ಗಾದೆ ಅಲ್ಲದವು ಯಾವುವು ಅಂದ್ರೆ, ಕಾಯಕವೇ ಕೈಲಾಸ ಅಂತ ಬರೆದು ಕೆಳಗೆ ಬಸವಣ್ಣ ಅಂತ ಹಾಕಿದ್ದಾರೆ. ಆ ಮಾತು ಬರೋದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ದು ತರೋದೇ ಅವನ ಕಾಯಕ, ಹೆಸರಿನಲ್ಲೇ ಇದೆ. ಅವನು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟೊಂದು ಆಸೆ ಯಾಕೆ, ವಾಪಸ್ ಸುರಿದು ಬಾ ಅಂತ ಕಳಿಸಿದಳು ಅನ್ನೋ ಕಥೆ ಇದೆ. ಹೆಸರು ಹಾಕೋದಾದ್ರೆ ಮಾರಯ್ಯನ ಹೆಸರೇ ಹಾಕಿ. ವಚನ ಯಾರದ್ದು ಅಂತ ನೋಡೋಕೆ ಅಂಕಿತ, ಅಂದ್ರೆ ವಚನದಲ್ಲಿ ಗುರುತಾಗಿ ಬರೋ ದೇವರ ಹೆಸರು, ನೋಡಬೇಕು: ಕೂಡಲಸಂಗಮದೇವ ಇದ್ರೆ ಬಸವಣ್ಣ, ಗುಹೇಶ್ವರ ಇದ್ರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಇದ್ರೆ ಅಕ್ಕಮಹಾದೇವಿ, ಬರೀ ಅಮರೇಶ್ವರಲಿಂಗ ಇದ್ರೆ ಮಾರಯ್ಯ. ಮೂರು ಸಾಲಿದ್ದು ಕೊನೆಗೆ ಸರ್ವಜ್ಞ ಅಂತ ಬಂದ್ರೆ ತ್ರಿಪದಿ. ನಾಲ್ಕು ಸಾಲಿದ್ದು ಮಂಕುತಿಮ್ಮ ಅಂತ ಬಂದ್ರೆ ಅದು ಡಿವಿಜಿಯವರ ಕಗ್ಗ, 1943ರದ್ದು. ಅವೆಲ್ಲಾ ದೊಡ್ಡ ಮಾತುಗಳೇ, ಆದ್ರೆ ಹೇಳಿದವರು ಗೊತ್ತಿದ್ದಾರೆ, ಗಾದೆ ಅಂತ ಕರೀಬಾರದು.

ಮಾತು ಬೆಳ್ಳಿ ಮೌನ ಬಂಗಾರ ಮತ್ತು ಬಾಯಿದ್ದವನು ಬರಗಾಲದಲ್ಲೂ ಬದುಕಿದ, ಎರಡೂ ಒಂದೇ ಕ್ಯಾಲೆಂಡರಿನಲ್ಲಿ ಬಂದ್ರೆ ವಿರೋಧ ಆಗಲ್ವಾ ಅಂತ ಒಬ್ಬರು ಕೇಳಿದ್ದಾರೆ. ಆಗಲ್ಲ, ಎರಡನ್ನೂ ಹಾಕಿ. ಒಂದು ಜಗಳದ ಮನೆಯಲ್ಲಿ ಕೂತವನಿಗೆ, ಇನ್ನೊಂದು ಕಚೇರಿ ಕಿಟಕಿ ಮುಂದೆ ನಾಚಿಕೊಂಡು ನಿಂತವನಿಗೆ. ಯಾವ ಹೊತ್ತಿಗೆ ಯಾವುದನ್ನ ತೆಗೀಬೇಕು ಅನ್ನೋದರಲ್ಲೇ ಗಾದೆ ಬಲ್ಲವರ ಜಾಣ್ಮೆ ಇರೋದು. ಬಳಸೋವಾಗ ಒಂದು ಎಚ್ಚರ ಬೇಕು. ಕುಂಬಳಕಾಯಿ ಕಳ್ಳನ ಗಾದೆಯನ್ನ ಎದುರಿಗಿರೋರ ಮುಖಕ್ಕೆ ಹೇಳಬೇಡಿ, ಅದು ನೇರ ಕಳ್ಳತನದ ಆರೋಪ ಆಗುತ್ತೆ, ಈ ಗ್ರೂಪಿನಲ್ಲಂತೂ ಹಾಕಲೇಬೇಡಿ. ನಮ್ಮದು ಎತ್ತು ಏರಿಗೆ ಕೋಣ ನೀರಿಗೆ ಆಯ್ತಲ್ಲಾ ಅಂತ ತಮ್ಮನ್ನೂ ಸೇರಿಸಿಕೊಂಡು ಹೇಳಿದ್ರೆ ಯಾರಿಗೂ ನೋವಾಗಲ್ಲ, ಕೆಲಸದ ಮಾತೂ ಮುಂದಕ್ಕೆ ಹೋಗುತ್ತೆ. ಪೂರ್ತಿ ಹೇಳೋದೂ ಬೇಡ. ಕೈ ಕೆಸರಾದರೆ ಅಂತ ನಿಲ್ಲಿಸಿ, ಉಳಿದದ್ದನ್ನ ಕೇಳೋರು ತಾವೇ ಸೇರಿಸ್ತಾರೆ, ಆಗ ಅದು ಅವರ ಮಾತೇ ಆಗಿಬಿಡುತ್ತೆ.

ಜೂನ್ ತಿಂಗಳು ಖಾಲಿ ಬಿಟ್ಟಿದ್ದೀರಿ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಹಾಕಿ. ಅದು ಓದು ಬೇಡ ಅನ್ನೋದಲ್ಲ, ಲೆಕ್ಕ ಹಾಕಿ ನೋಡಿ, ಕಾಲೂ ಮುಕ್ಕಾಲೂ ಸೇರಿದ್ರೇನೇ ಒಂದು. ಮಾರ್ಚಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚು, ಆಗಸ್ಟಿಗೆ ಹನಿ ಹನಿ ಗೂಡಿದರೆ ಹಳ್ಳ, ಇವುಗಳಿಗೆ ವಿವರಣೆ ಬೇಕಿಲ್ಲ. ಕೆಳಗಿನ ಅರ್ಥಗಳನ್ನೆಲ್ಲಾ ತೆಗೆದುಬಿಡಿ, ಬರೀ ಗಾದೆ ಮತ್ತು ಚಿತ್ರ ಸಾಕು. ಉದ್ದದ್ದನ್ನ ಎರಡು ಸಾಲು ಮಾಡೋದಾದ್ರೆ ಉಸಿರು ನಿಲ್ಲೋ ಕಡೆ ಮುರೀರಿ. ಎತ್ತು ಏರಿಗೆ ಎಳೆದರೆ ಅನ್ನೋದು ಮೇಲಿನ ಸಾಲು, ಕೋಣ ನೀರಿಗೆ ಎಳೆಯಿತು ಅನ್ನೋದು ಕೆಳಗೆ. ಈಗಿನ ಪ್ರೂಫಿನಲ್ಲಿ ಕೋಣ ಮೇಲಿನ ಸಾಲಿನ ತುದಿಗೆ ಒಂಟಿಯಾಗಿ ನಿಂತಿದೆ, ಅದನ್ನ ಕೆಳಗಿಳಿಸೋಕೆ ಹೇಳಿ.