ಎಫ್ ಕಾರ್ಡ್ ಸಾಯುತ್ತಿದೆ: ತಪ್ಪು ಬೆರಳಿನದಾ, ಗಿಟಾರಿನದಾ?

ಸೇಡಂ ರೋಡ್: ಕಲಬುರಗಿಯಲ್ಲಿ ಮನೇಲೇ ಕೂತು ಗಿಟಾರ್ ಕಲಿಯುತ್ತಿದ್ದೇನೆ. ಸಿ, ಜಿ, ಎ ಮೈನರ್ ಚೆನ್ನಾಗಿ ಬರುತ್ತವೆ. ತೋರುಬೆರಳನ್ನು ಆರೂ ತಂತಿಗೆ ಅಡ್ಡ ಇಟ್ಟು ಒತ್ತುವ ಎಫ್ ಬಾರ್ ಕಾರ್ಡ್ ಹಿಡಿದರೆ ಮಾತ್ರ ತೆಳುವಾದ ಒಂದನೇ, ಎರಡನೇ ತಂತಿ ಟಪ್ ಅಂತ ಸತ್ತುಹೋಗುತ್ತವೆ. ದಿನಾ ಹ್ಯಾಂಡ್ ಗ್ರಿಪ್ಪರ್ ಒತ್ತು, ಶಕ್ತಿ ಬರಲಿ ಅಂತಾನೆ ಗೆಳೆಯ. ಹೌದಾ?

ಬೀದರ್ ಕ್ವಾಯರ್: ಗ್ರಿಪ್ಪರ್ ಬಿಡು ತಮ್ಮಾ. ಎಫ್‌ನಲ್ಲಿ ಮೂರು, ನಾಲ್ಕು, ಐದನೇ ತಂತಿಗಳನ್ನು ಬೇರೆ ಬೆರಳುಗಳೇ ಒತ್ತುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು ಒಂದು, ಎರಡು, ಆರು ಅಷ್ಟೇ. ಬೆರಳನ್ನು ಚಪ್ಪಟೆ ಇಡಬೇಡ, ಹೆಬ್ಬೆರಳಿನ ಕಡೆಯ ಪಕ್ಕಕ್ಕೆ ಸ್ವಲ್ಪ ಹೊರಳಿಸು. ಅಲ್ಲಿ ಮಾಂಸ ಕಡಿಮೆ, ಮೂಳೆ ಗಟ್ಟಿ. ಗೆಣ್ಣಿನ ಗೆರೆಯೊಳಗೆ ತಂತಿ ಸಿಕ್ಕರೂ ಸದ್ದು ಸಾಯುತ್ತದೆ. ಬೆರಳನ್ನು ಚೂರು ಮೇಲೆ ಕೆಳಗೆ ಸರಿಸಿ ನೋಡು.

ಯಾದಗಿರಿ ತಂತಿ: ಮೊದಲು ಗಿಟಾರ್ ನೋಡಿ ಅಣ್ಣಾ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ನಟ್ (ಗಿಟಾರಿನ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಎತ್ತರ ಇರುವುದು ಜಾಸ್ತಿ. ಗಿಟಾರಿನ ಉದ್ದ ಕುತ್ತಿಗೆ (ನೆಕ್) ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್. ನಟ್ ಪಕ್ಕದಲ್ಲೇ ಇರುವ ಒಂದನೇ ಫ್ರೆಟ್‌ನಲ್ಲಿ ತಂತಿ ಒತ್ತಲು ಎಷ್ಟು ಬಲ ಬೇಕು! ಒಂದನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ, ಅದೇ ಆಕಾರವನ್ನು ಎರಡನೇ ಫ್ರೆಟ್‌ನಲ್ಲಿ ಹಿಡಿಯಿರಿ. ಸಲೀಸಾಗಿ ಬಂದರೆ ತಪ್ಪು ನಟ್‌ನದು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಿಟಾರ್ ಬಿಟ್ಟರೆ ಅಂಟು ಸಡಿಲವಾಗಿ ತಂತಿಯ ಇನ್ನೊಂದು ತುದಿ ಹಿಡಿದಿರುವ ಬ್ರಿಡ್ಜ್ ಎದ್ದು ಬರಬಹುದು. ಆಗ ತಂತಿ ಇನ್ನೂ ಮೇಲೇರುತ್ತದೆ.

ಬೀದರ್ ಕ್ವಾಯರ್: ಕ್ಯಾಪೊ ಪರೀಕ್ಷೆ ಸರಿ. ಆದರೆ ನಟ್ ಎತ್ತರ ಇದೆ ಅಂತ ಹೊಸಬರಿಗೆ ಅದನ್ನು ಉಜ್ಜಿಸಿ ತಗ್ಗಿಸಿ ಅಂತ ಹೇಳಬೇಡಿ ತಂಗಿ. ಚೂರು ಜಾಸ್ತಿ ಉಜ್ಜಿದರೂ ಖಾಲಿ ತಂತಿ ಜರ್ ಅನ್ನುತ್ತದೆ. ದಪ್ಪ ತಂತಿಯ 12ರ ಸೆಟ್ ಇದ್ದರೆ ತೆಗೆದು ತೆಳು ತಂತಿಯ 10ರ ಸೆಟ್ ಹಾಕಿ. ಖರ್ಚೂ ಕಡಿಮೆ.

ಜಗತ್ ಸರ್ಕಲ್: ಇಷ್ಟೆಲ್ಲ ಯಾಕೆ? ಮೇಲಿನ ಎರಡು ದಪ್ಪ ತಂತಿ ಬಿಟ್ಟು ಚಿಕ್ಕ ಎಫ್ ಹಿಡಿಯಿರಿ. ಕೀಬೋರ್ಡ್ ಜೊತೆಗಿದ್ದರೆ ಬೇಸ್ ಇಲ್ಲ ಅಂತ ಯಾರಿಗೂ ಗೊತ್ತಾಗಲ್ಲ.

ಯಾದಗಿರಿ ತಂತಿ: ಸದ್ಯಕ್ಕೆ ಹಾಗೇ ನುಡಿಸಲಿ, ಬೇಡ ಅನ್ನಲ್ಲ. ಆದರೆ ಅಲ್ಲೇ ನಿಲ್ಲಬಾರದು. ಹಾಡುವವರು ಶ್ರುತಿ ಅರ್ಧ ಸ್ವರ ಏರಿಸಿ ಅಂದರೆ ಬಾರ್ ಹಿಡಿದ ಕೈ ಒಂದು ಫ್ರೆಟ್ ಮುಂದೆ ಹೋದರೆ ಸಾಕು, ಆಕಾರ ಅದೇ. ಆ ಸ್ವಾತಂತ್ರ್ಯ ಯಾಕೆ ಬಿಟ್ಟುಕೊಡಬೇಕು? ಐದನೇ ಫ್ರೆಟ್‌ನಿಂದ ಶುರು ಮಾಡಿ, ಅಲ್ಲಿ ಅದು ಎ ಮೇಜರ್. ಸದ್ದು ಸ್ವಚ್ಛ ಬಂದ ಮೇಲೆ ಒಂದೊಂದೇ ಫ್ರೆಟ್ ಕೆಳಗಿಳಿಯಿರಿ.

ಸೇಡಂ ರೋಡ್: ಕ್ಯಾಪೊ ಹಾಕಿ ನೋಡಿದೆ ಅಕ್ಕಾ. ಎರಡನೇ ತಂತಿ ಈಗ ಚೆನ್ನಾಗಿ ನುಡಿಯುತ್ತದೆ. ಒಂದನೇದು ಇನ್ನೂ ಸಾಯುತ್ತಿದೆ.

ಬೀದರ್ ಕ್ವಾಯರ್: ಹಾಗಾದರೆ ತಪ್ಪಿನಲ್ಲಿ ಗಿಟಾರ್, ಬೆರಳು ಎರಡರದೂ ಪಾಲಿದೆ. ಒಂದನೇ ತಂತಿ ಬರುವುದು ತೋರುಬೆರಳಿನ ಬುಡಕ್ಕೆ. ಮಣಿಕಟ್ಟು ಜಾಸ್ತಿ ಮಡಚಿದರೆ ಬುಡ ಎದ್ದುಬಿಡುತ್ತದೆ. ಮೊಣಕೈಯನ್ನು ಮೈ ಹತ್ತಿರ ತಾ, ಹೆಬ್ಬೆರಳನ್ನು ನೆಕ್ ಹಿಂದೆ ನಡುವಿಗೆ ಇಳಿಸು. ಹೆಬ್ಬೆರಳಿಂದ ಹಿಂಡಬೇಡ, ತೋಳಿನ ಭಾರದಿಂದ ಹಿಂದಕ್ಕೆ ಎಳೆ. ಮಣಿಕಟ್ಟಲ್ಲಿ ಚುಚ್ಚಿದಂತೆ ನೋವಾದರೆ ಆವತ್ತಿಗೆ ಅಲ್ಲಿಗೇ ಬಿಡು.